ಸಿಂಥೆಟಿಕ್ ಇಂಜಿನ್ ಆಯಿಲ್: ಗಡಿಯಾಚೆಯ ಬೆಲೆಯೂ ನಮ್ಮ ಟ್ರ್ಯಾಕ್ಟರಿನ ಅಗತ್ಯವೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ರೈತರ ತರಬೇತಿಗಳಲ್ಲಿ ಬೀಜ, ಗೊಬ್ಬರ, ಔಷಧಿಗಳ ಪ್ರಶ್ನೆಗಳ ಜೊತೆಗೆ ಈಚೆಗೆ ಇನ್ನೊಂದು ಪ್ರಶ್ನೆಯೂ ಬರುತ್ತಿದೆ. ಟ್ರ್ಯಾಕ್ಟರಿಗೆ ಸಿಂಥೆಟಿಕ್ ಆಯಿಲ್ ಹಾಕಿದರೆ ಇಂಜಿನ್ ಹೆಚ್ಚು ಬಾಳುವುದೆ? ಅದರ ಬೆಲೆ ಮಾಮೂಲಿ ಆಯಿಲಿನ ಎರಡು ಮೂರರಷ್ಟು ಏಕೆ? ಗಡಿಯಾಚೆ ಆಂಧ್ರದಲ್ಲಿ ಅಗ್ಗವಾಗಿ ಸಿಗುವುದಂತೆ, ದುಬೈನಿಂದ ಬಂದ ಡಬ್ಬಿ ಇನ್ನೂ ಒಳ್ಳೆಯದಂತೆ, ಇವು ನಿಜವೆ?

ಬೇಸಾಯಶಾಸ್ತ್ರದವರಿಗೆ ಇಂಜಿನ್ ಆಯಿಲಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಕಾರಣ ಸರಳವಾಗಿದೆ. ಮಳೆಯಾಶ್ರಿತ ಶೇಂಗಾ ಆಗಲಿ ಮೆಕ್ಕೆಜೋಳವಾಗಲಿ, ನಮ್ಮ ಕೆಂಪು ಮಸಾರಿ ಭೂಮಿಯಲ್ಲಿ ಬಿತ್ತನೆಯ ಹದ ನಿಲ್ಲುವುದು ಕೆಲವೇ ದಿನ. ಆ ದಿನಗಳಲ್ಲಿ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ನಿಂತರೆ ಎಷ್ಟೇ ಒಳ್ಳೆಯ ತಳಿ ತಂದಿದ್ದರೂ ಪ್ರಯೋಜನವಿಲ್ಲ. ಎತ್ತುಗಳು ಕಡಿಮೆಯಾಗಿರುವ ಇಂದಿನ ಹಳ್ಳಿಗಳಲ್ಲಿ ಒಂದು ಟ್ರ್ಯಾಕ್ಟರ್ ಕೆಟ್ಟರೆ ಅದರ ಒಡೆಯನಿಗಷ್ಟೇ ಅಲ್ಲ, ಅದನ್ನು ಬಾಡಿಗೆಗೆ ನಂಬಿಕೊಂಡ ಹತ್ತಾರು ಮನೆಗಳಿಗೂ ಹದ ತಪ್ಪುತ್ತದೆ.

ಡಬ್ಬಿಯೊಳಗೆ ಏನಿದೆ?

ಹಿಂದೆ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಗೆ ಸವೆತ ತಪ್ಪಿಸುವುದೊಂದೇ ಕೆಲಸ. ಇಂಜಿನ್ ಆಯಿಲಿನ ಹೊಣೆ ಅದಕ್ಕಿಂತ ಹೆಚ್ಚು. ಲೋಹದ ಭಾಗಗಳು ಒಂದನ್ನೊಂದು ತೇಯದಂತೆ ನಡುವೆ ಪದರವಾಗಿ ನಿಲ್ಲಬೇಕು, ಪಿಸ್ಟನ್ನಿನ ಶಾಖವನ್ನು ಹೊತ್ತು ತರಬೇಕು, ಡೀಸೆಲ್ ಉರಿದ ಮಸಿಯನ್ನು ಗಂಟು ಕಟ್ಟದಂತೆ ತನ್ನೊಳಗೆ ತೇಲಿಸಿಟ್ಟುಕೊಳ್ಳಬೇಕು, ಹುಳಿಯನ್ನು ಮುರಿಯಬೇಕು. ಇಷ್ಟನ್ನೂ ಮಾಡಲು ಮೂಲ ಎಣ್ಣೆಗೆ ಹಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಡಬ್ಬಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿರುವುದು ಮೂಲ ಎಣ್ಣೆ, ಉಳಿದದ್ದು ಬೆರಕೆ ರಾಸಾಯನಿಕ. ಮಸಿ ತೇಲಿಸುವ ಗುಣವಿರುವುದರಿಂದಲೇ ಒಳ್ಳೆಯ ಆಯಿಲ್ ಬೇಗ ಕಪ್ಪಾಗುತ್ತದೆ. ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದು ತಿಳಿಯಬಾರದು.

ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎ.ಪಿ.ಐ. ಮೂಲ ಎಣ್ಣೆಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದೆ. ಮೊದಲ ಮೂರು ಗುಂಪುಗಳು ಕಚ್ಚಾ ತೈಲದಿಂದ ಬರುವಂಥವು. ಒಂದನೆಯದು ಹಳೆಯ ಪದ್ಧತಿಯಲ್ಲಿ ಸೋಸಿದ್ದು. ಎರಡನೆಯದನ್ನು ಜಲಜನಕದೊಡನೆ ಸಂಸ್ಕರಿಸಿ ಗಂಧಕ ಮುಂತಾದ ಕಶ್ಮಲಗಳನ್ನು ತೆಗೆದಿರುತ್ತಾರೆ. ಮೂರನೆಯದರಲ್ಲಿ ಈ ಸಂಸ್ಕರಣೆ ಇನ್ನೂ ತೀವ್ರವಾಗಿರುವುದರಿಂದ ಎಣ್ಣೆಯ ಅಣುಗಳ ರಚನೆಯೇ ಬದಲಾಗುತ್ತದೆ. ನಾಲ್ಕನೆಯ ಗುಂಪು ಎಥಿಲೀನ್ ಅನಿಲದಿಂದ ಹಂತಹಂತವಾಗಿ ಕಟ್ಟಿದ ಎಣ್ಣೆ. ಇದನ್ನು ಪಿ.ಎ.ಒ. ಎನ್ನುತ್ತಾರೆ. ಎಸ್ಟರ್ ಮುಂತಾದ ಉಳಿದೆಲ್ಲವೂ ಐದನೆಯ ಗುಂಪಿಗೆ ಸೇರುತ್ತವೆ.

ಇವುಗಳಲ್ಲಿ ಯಾವುದನ್ನು ಸಿಂಥೆಟಿಕ್ ಎನ್ನಬೇಕು? ಕಾರುಗಳಿಗೆ ಸಿಂಥೆಟಿಕ್ ಆಯಿಲ್ ವ್ಯಾಪಕವಾಗಿ ಮಾರಾಟಕ್ಕೆ ಬಂದ 1970ರ ದಶಕದಲ್ಲಿ ಆ ಹೆಸರು ಕೊನೆಯ ಎರಡು ಗುಂಪುಗಳಿಗೆ ಮಾತ್ರ ಸಲ್ಲುತ್ತಿತ್ತು. ಮುಂದೆ ಮೂರನೆಯ ಗುಂಪಿನ ಎಣ್ಣೆಯನ್ನೂ ಕ್ಯಾಸ್ಟ್ರಾಲ್ ಕಂಪನಿ ಸಿಂಥೆಟಿಕ್ ಎಂದು ಮಾರಿದಾಗ ಮೊಬಿಲ್ ಕಂಪನಿ ಅಮೆರಿಕದ ಜಾಹೀರಾತು ವಿವಾದಗಳ ಮಂಡಳಿಗೆ ದೂರಿತು. 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಪರವಾಗಿ ಬಂದಿತು. ಅಂದಿನಿಂದ ಅಮೆರಿಕದಲ್ಲಿಯೂ, ಅದನ್ನು ಅನುಸರಿಸಿ ಬಹುತೇಕ ದೇಶಗಳಲ್ಲಿಯೂ ಮೂರನೆಯ ಗುಂಪು ಸಿಂಥೆಟಿಕ್ ಎಂದೇ ಮಾರಾಟವಾಗುತ್ತಿದೆ. ಜರ್ಮನಿಯಲ್ಲಿ ಮಾತ್ರ ಪೂರ್ಣ ಸಿಂಥೆಟಿಕ್ ಎಂಬ ಹೆಸರನ್ನು ಹಿಂದಿನ ಅರ್ಥದಲ್ಲಿಯೇ ಉಳಿಸಿಕೊಂಡಿದ್ದಾರೆ. ಅಂದರೆ ಗಡಿ ದಾಟಿದರೆ ಎಣ್ಣೆಯ ಬೆಲೆ ಮಾತ್ರವಲ್ಲ, ಹೆಸರಿನ ಅರ್ಥವೂ ಬದಲಾಗುತ್ತದೆ. ನಮ್ಮ ಅಂಗಡಿಗಳಲ್ಲಿ 'ಫುಲ್ಲಿ ಸಿಂಥೆಟಿಕ್' ಎಂದು ಬರೆದ ಡಬ್ಬಿಯೊಳಗೆ ಮೂರನೆಯ ಗುಂಪಿನ ಎಣ್ಣೆ ಇರಬಹುದು, ನಾಲ್ಕನೆಯದೂ ಇರಬಹುದು. 'ಸೆಮಿ ಸಿಂಥೆಟಿಕ್' ಎಂಬುದಂತೂ ಇನ್ನೂ ಸಡಿಲವಾದ ಮಾತು. ಎಷ್ಟು ಪಾಲು ಬೆರೆಸಿದ್ದಾರೆಂಬುದನ್ನು ಡಬ್ಬಿ ಹೇಳುವುದಿಲ್ಲ.

ಆದುದರಿಂದ ಡಬ್ಬಿಯ ಮುಂಭಾಗದ ದೊಡ್ಡ ಅಕ್ಷರಕ್ಕಿಂತ ಸಣ್ಣ ಅಕ್ಷರದ ಎರಡು ಗುರುತುಗಳನ್ನು ಓದುವುದು ಮುಖ್ಯ. ಮೊದಲನೆಯದು '15 ಡಬ್ಲ್ಯೂ-40' ಎಂಬಂಥ ಎಸ್.ಎ.ಇ. ಅಂಕಿ. ಇದು ಎಣ್ಣೆಯ ಮಂದ, ತೆಳುತನವನ್ನು ಸೂಚಿಸುತ್ತದೆ. ಎರಡನೆಯದು 'ಸಿ.ಐ.-4' ಎಂಬಂಥ ಎ.ಪಿ.ಐ. ದರ್ಜೆ. ಇದು ಎಣ್ಣೆ ಯಾವ ಕಾಲದ ಇಂಜಿನ್ನಿಗೆ ತಕ್ಕುದೆಂದು ಹೇಳುತ್ತದೆ. ಸಿ.ಎಫ್.-4 ಬಂದದ್ದು 1990ರಲ್ಲಿ, ಸಿ.ಎಚ್.-4 1998ರಲ್ಲಿ, ಸಿ.ಐ.-4 2002ರಲ್ಲಿ, ಸಿ.ಕೆ.-4 2016ರಲ್ಲಿ. ಹಳೆಯ ದರ್ಜೆ ಕೇಳುವ ಟ್ರ್ಯಾಕ್ಟರಿಗೆ ಈ ಸಾಲಿನ ಹೊಸ ದರ್ಜೆಯನ್ನು ಹಾಕಬಹುದು. ಹೊಸದನ್ನು ಕೇಳುವ ಇಂಜಿನ್ನಿಗೆ ಹಳೆಯದನ್ನು ಹಾಕಬಾರದು. ಸಿಂಥೆಟಿಕ್ ಎಂಬ ಪದ ಈ ಎರಡು ಗುರುತುಗಳಿಗೆ ಬದಲಿಯಲ್ಲ. ಸಿಂಥೆಟಿಕ್ ಅಲ್ಲದ ಸಿ.ಐ.-4 ಆಯಿಲೂ ಆ ದರ್ಜೆಯ ಇಂಜಿನ್ ಪರೀಕ್ಷೆಗಳ ಮಟ್ಟವನ್ನೇ ಮುಟ್ಟಬೇಕಾಗುತ್ತದೆ.

ಬೆಲೆ ಏರುವುದು ಎಲ್ಲಿ?

ಭಾರತದಲ್ಲಿ ಹಾಲ್ದಿಯಾ, ಚೆನ್ನೈ ಬಳಿಯ ಮಣಲಿ ಮತ್ತು ಮುಂಬಯಿಯ ಸಂಸ್ಕರಣಾಗಾರಗಳಲ್ಲಿ ಮೂಲ ಎಣ್ಣೆ ತಯಾರಾಗುತ್ತದೆ. ಆದರೆ ಅದು ದೇಶದ ಬೇಡಿಕೆಗೆ ಸಾಲದು. ಹೆಚ್ಚಿನ ಪಾಲು ಹಡಗಿನಲ್ಲಿ ಬರುತ್ತದೆ. ಸಿಂಥೆಟಿಕ್ ಆಯಿಲಿಗೆ ಬೇಕಾದ ಮೂರನೆಯ ಗುಂಪಿನ ಮಟ್ಟಿಗೆ ಈ ಅವಲಂಬನೆ ಇನ್ನೂ ಹೆಚ್ಚು. ದಕ್ಷಿಣ ಕೊರಿಯಾದ ಉಲ್ಸಾನ್, ಅಬುಧಾಬಿಯ ರುವೈಸ್, ಬಹರೇನಿನ ಸಿತ್ರಾ ಇವು ಅಂಥ ಎಣ್ಣೆಯ ಹೆಸರಾಂತ ನೆಲೆಗಳು. ಕತಾರಿನ ರಾಸ್ ಲಫಾನ್‌ನಲ್ಲಿ 2011ರಲ್ಲಿ ಆರಂಭವಾದ ಘಟಕವು ನೈಸರ್ಗಿಕ ಅನಿಲದಿಂದಲೇ ಇದಕ್ಕೆ ಸಮನಾದ ಮೂಲ ಎಣ್ಣೆ ತಯಾರಿಸುವಂತೆ ಕಟ್ಟಿದ್ದು. ನಾಲ್ಕನೆಯ ಗುಂಪಿನ ಎಣ್ಣೆ ಮುಖ್ಯವಾಗಿ ಅಮೆರಿಕ ಮತ್ತು ಯೂರೋಪಿನ ರಾಸಾಯನಿಕ ಕಾರ್ಖಾನೆಗಳದು.

ಹೀಗೆ ಬರುವ ಸರಕಿಗೆ ಡಾಲರ್ ಲೆಕ್ಕದಲ್ಲಿ ಹಣ ತೆರಬೇಕು. 2000ನೇ ಇಸವಿಯ ಸುಮಾರಿಗೆ 45 ರೂಪಾಯಿಯಷ್ಟಿದ್ದ ಡಾಲರ್ 2022ರಲ್ಲಿ 80 ರೂಪಾಯಿ ದಾಟಿತು. ಅದೇ ವರ್ಷ ಫೆಬ್ರವರಿಯಲ್ಲಿ ಯುಕ್ರೇನಿನಲ್ಲಿ ಯುದ್ಧ ಆರಂಭವಾದಾಗ ಕಚ್ಚಾ ತೈಲದ ಬೆಲೆಯೂ ಏರಿತು. ಹೊಳಲ್ಕೆರೆಯ ಅಂಗಡಿಯಲ್ಲಿ ಆಯಿಲ್ ಡಬ್ಬಿಯ ಬೆಲೆ ಏರಿದಾಗ ಅಂಗಡಿಯವನನ್ನು ಶಪಿಸಿ ಫಲವಿಲ್ಲ. ಕೊಲ್ಲಿಯ ಎಣ್ಣೆ ಹೊರ್ಮುಜ್ ಜಲಸಂಧಿಯನ್ನು ದಾಟಿ ಬರಬೇಕು, ಕೊರಿಯಾದ್ದು ಮಲಕ್ಕಾ ಕಡೆಯಿಂದ ಸುತ್ತಿ ಬರಬೇಕು. ಅಲ್ಲಿ ಅಡಚಣೆಯಾದರೆ ಅದರ ಬಿಸಿ ಇಲ್ಲಿಗೂ ತಟ್ಟುತ್ತದೆ.

ಇದರ ಮೇಲೆ ತೆರಿಗೆ. ಇಂಜಿನ್ ಆಯಿಲಿಗೆ ಜಿ.ಎಸ್.ಟಿ. ಶೇಕಡ 18. ಟ್ರ್ಯಾಕ್ಟರಿನ ಮೇಲಿನ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರಿಂದ 5ಕ್ಕೆ ಇಳಿಸಿದರು. ಅದರ ಹೊಟ್ಟೆಗೆ ಹಾಕುವ ಆಯಿಲಿಗೆ ಆ ಇಳಿಕೆ ದೊರೆಯಲಿಲ್ಲ. ವ್ಯಾಪಾರಿಗಳು ತಾವು ಕಟ್ಟಿದ ತೆರಿಗೆಯನ್ನು ಮುಂದಿನ ಲೆಕ್ಕದಲ್ಲಿ ವಜಾ ಮಾಡಿಕೊಳ್ಳಬಹುದು. ನೋಂದಣಿಯಿಲ್ಲದ ರೈತನಿಗೆ ಆ ಅನುಕೂಲವಿಲ್ಲ. ಅವನು ತೆತ್ತದ್ದು ತೆತ್ತಂತೆಯೇ. ಟ್ರ್ಯಾಕ್ಟರಿಗೆ ಕೊಟ್ಟ ರಿಯಾಯಿತಿಯನ್ನು ಅದರ ನಿತ್ಯದ ಆಯಿಲಿಗೂ ಕೊಡಬೇಕೆಂಬುದು ನಮ್ಮ ಅಭಿಪ್ರಾಯ.

ಆಂಧ್ರದ ಗಡಿಯ ಮಾತು

ನಮ್ಮ ಜಿಲ್ಲೆಯ ಪೂರ್ವದ ಅಂಚಿಗೆ ಆಂಧ್ರಪ್ರದೇಶವಿದೆ. ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆಯಿಂದ ಅಮರಾಪುರ, ಮಡಕಶಿರಾಗಳಿಗೂ, ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆಯಿಂದ ಕಲ್ಯಾಣದುರ್ಗಕ್ಕೂ ಜನ ಓಡಾಡುತ್ತಾರೆ. ಕನ್ನಡವೂ ನೆಂಟಸ್ತಿಕೆಯೂ ಗಡಿಯ ಎರಡೂ ಕಡೆ ಹರಡಿವೆ. ಡೀಸೆಲ್ ಬೆಲೆ ಅಲ್ಲಿಗೂ ಇಲ್ಲಿಗೂ ಬೇರೆ ಎಂಬುದು ಎಲ್ಲರಿಗೂ ಗೊತ್ತು. ಅಲ್ಲಿ ಡೀಸೆಲ್ ದುಬಾರಿಯಾದುದರಿಂದ ಲಾರಿಗಳು ಗಡಿಗೆ ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳುತ್ತವೆ. ಹಾಗಿದ್ದರೆ ಆಯಿಲ್ ಬೆಲೆಯೂ ಎರಡು ಕಡೆ ಬೇರೆ ಇರಬೇಕಲ್ಲವೆ ಎಂದು ತೋರುವುದು ಸಹಜ.

ಇಲ್ಲಿ ಒಂದು ವ್ಯತ್ಯಾಸವಿದೆ. ಡೀಸೆಲ್ ಇನ್ನೂ ಜಿ.ಎಸ್.ಟಿ.ಗೆ ಸೇರಿಲ್ಲ. ಅದಕ್ಕೆ ಪ್ರತಿಯೊಂದು ರಾಜ್ಯವೂ ತನ್ನದೇ ಮಾರಾಟ ತೆರಿಗೆ ಹಾಕುತ್ತದೆ. ಇಂಜಿನ್ ಆಯಿಲ್ ಹಾಗಲ್ಲ. 2017ರ ಜುಲೈ 1ರಿಂದ ಅದಕ್ಕೆ ಹಿರಿಯೂರಿನಲ್ಲಿಯೂ ಮಡಕಶಿರಾದಲ್ಲಿಯೂ ಒಂದೇ ದರದ ತೆರಿಗೆ. ಅದಕ್ಕೆ ಹಿಂದೆ ರಾಜ್ಯ ರಾಜ್ಯಕ್ಕೂ ಮೌಲ್ಯವರ್ಧಿತ ತೆರಿಗೆ, ರಾಜ್ಯ ದಾಟಿದರೆ ಕೇಂದ್ರ ಮಾರಾಟ ತೆರಿಗೆ, ಕೆಲವೆಡೆ ಪ್ರವೇಶ ತೆರಿಗೆ ಹೀಗೆ ಬೇರೆ ಬೇರೆ ಲೆಕ್ಕಗಳಿದ್ದವು. ಆಗ ಗಡಿಯಾಚೆ ಕೊಳ್ಳುವುದರಲ್ಲಿ ಏನಾದರೂ ಉಳಿತಾಯಕ್ಕೆ ಎಡೆಯಿತ್ತು. ಈಗ ಆ ಕಾರಣ ಅಳಿದುಹೋಗಿದೆ. ಡಬ್ಬಿಯ ಮೇಲೆ ಅಚ್ಚಾದ ಗರಿಷ್ಠ ಚಿಲ್ಲರೆ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ.

ಹಾಗೆಂದು ಅಂಗಡಿ ಅಂಗಡಿಗೆ ಬೆಲೆ ವ್ಯತ್ಯಾಸವೇ ಇರದೆಂದಲ್ಲ. ವ್ಯಾಪಾರಿ ತನ್ನ ಲಾಭದಲ್ಲಿ ಒಂದಿಷ್ಟು ಬಿಟ್ಟುಕೊಡಬಹುದು. ಒಂದೊಂದೇ ಲೀಟರಿನ ಡಬ್ಬಿಗಿಂತ 20 ಲೀಟರಿನ ಬಕೆಟ್ ಲೀಟರಿನ ಲೆಕ್ಕದಲ್ಲಿ ಅಗ್ಗ ಬೀಳುತ್ತದೆ. ನಾಲ್ಕಾರು ರೈತರು ಸೇರಿ ಬಕೆಟ್ ಕೊಂಡು ಹಂಚಿಕೊಳ್ಳುವುದು ಒಳ್ಳೆಯ ಪದ್ಧತಿ. ಆದರೆ ಯಾರಾದರೂ ಸೀಲಾದ ಪ್ರಸಿದ್ಧ ಕಂಪನಿಯ ಸಿಂಥೆಟಿಕ್ ಡಬ್ಬಿಯನ್ನು ಅರ್ಧ ಬೆಲೆಗೆ, ಬಿಲ್ಲಿಲ್ಲದೆ, ಗಡಿಯಾಚೆಯಿಂದ ಬಂತೆಂದು ಹೇಳಿ ಕೊಟ್ಟರೆ ಅನುಮಾನಿಸಲೇಬೇಕು. ಅರ್ಧ ಬೆಲೆಗೆ ಮಾರುವಷ್ಟು ಉಳಿತಾಯ ಅಲ್ಲಿಯ ತೆರಿಗೆಯಿಂದ ಬರುವುದಿಲ್ಲ. ಬಳಸಿದ ಆಯಿಲನ್ನು ಸೋಸಿ ಬಣ್ಣ ತಿಳಿ ಮಾಡಿ ಹಳೆಯ ಡಬ್ಬಿಗೆ ತುಂಬಿದರೆ ಮಾತ್ರ ಅಂಥ ಬೆಲೆ ಸಾಧ್ಯ.

ಬೆರಳಿಗೆ ಹಚ್ಚಿ ಉಜ್ಜಿ ನೋಡಿ ಆಯಿಲಿನ ಗುಣ ತಿಳಿಯುವುದು ಯಾರಿಂದಲೂ ಆಗದು, ಮೇಸ್ತ್ರಿಗಳಿಂದಲೂ ಆಗದು. ಬಣ್ಣ, ವಾಸನೆಗಳೂ ನಂಬಿಕೆಗೆ ಅರ್ಹವಲ್ಲ. ಮುಚ್ಚಳದ ಸೀಲು, ಅದರೊಳಗಿನ ಹಾಳೆಯ ಸೀಲು, ತಯಾರಿಕೆಯ ತಿಂಗಳು, ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ ಇವುಗಳನ್ನು ನೋಡಿ, ಬಿಲ್ಲು ಪಡೆದು ಕೊಳ್ಳಬೇಕು. ವಾರಂಟಿ ಅವಧಿಯ ಟ್ರ್ಯಾಕ್ಟರಾದರೆ ಆ ಬಿಲ್ಲು ಇನ್ನೂ ಅಗತ್ಯ. ಬ್ಯಾರೆಲ್ಲಿನಿಂದ ಅಳೆದು ಕೊಡುವ ಬಿಡಿ ಆಯಿಲ್ ಬೇಡ.

ವಿದೇಶದ ಡಬ್ಬಿಗೂ ಇದೇ ಎಚ್ಚರಿಕೆ. ಕ್ರಮವಾಗಿ ಆಮದಾದ ಡಬ್ಬಿಯ ಮೇಲೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ ಮತ್ತು ರೂಪಾಯಿಯಲ್ಲಿ ಗರಿಷ್ಠ ಬೆಲೆ ಇರಲೇಬೇಕು. ಇವು ಇಲ್ಲದಿದ್ದರೆ ಅದು ಹಿಂಬಾಗಿಲಿನಿಂದ ಬಂದದ್ದೆಂದು ತಿಳಿಯತಕ್ಕದ್ದು. ಅಲ್ಲದೆ ಒಂದೇ ಕಂಪನಿಯ ಒಂದೇ ಹೆಸರಿನ ಆಯಿಲ್ ದೇಶದಿಂದ ದೇಶಕ್ಕೆ ಬೇರೆ ಮಿಶ್ರಣದ್ದಾಗಿರುವುದುಂಟು. ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಮಗ ಪ್ರೀತಿಯಿಂದ ಕಳುಹಿಸಿದ ಪೆಟ್ರೋಲ್ ಕಾರಿನ ಆಯಿಲ್ ಅಪ್ಪನ ಡೀಸೆಲ್ ಟ್ರ್ಯಾಕ್ಟರಿಗೆ ಸಲ್ಲದು. ದರ್ಜೆಯ ಮೊದಲ ಅಕ್ಷರ 'ಎಸ್' ಮಾತ್ರ ಇದ್ದರೆ ಅದು ಪೆಟ್ರೋಲ್ ಇಂಜಿನ್ನಿನದು, 'ಸಿ' ಇದ್ದರೆ ಡೀಸೆಲ್ ಇಂಜಿನ್ನಿನದು.

ನಮ್ಮ ಹೊಲಕ್ಕೆ ಅದು ಬೇಕೆ?

ಸಿಂಥೆಟಿಕ್ ಎಣ್ಣೆಯ ಹೆಚ್ಚುಗಾರಿಕೆಗಳು ಹುಸಿಯಲ್ಲ. ಕಡು ಚಳಿಯಲ್ಲಿಯೂ ಹರಿಯುವುದು ಅದರ ಮೊದಲನೆಯ ಗುಣ. '15 ಡಬ್ಲ್ಯೂ-40' ಎಂಬಲ್ಲಿ 'ಡಬ್ಲ್ಯೂ' ಎಂದರೆ ಚಳಿಗಾಲ. 15 ಡಬ್ಲ್ಯೂ ಎಣ್ಣೆಯ ಹರಿವನ್ನು ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಪರೀಕ್ಷಿಸುತ್ತಾರೆ, 20 ಡಬ್ಲ್ಯೂವನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 5 ಡಬ್ಲ್ಯೂವನ್ನು 30 ಡಿಗ್ರಿ ಕೆಳಗೆ. ಲಡಾಖಿನ ಗಡಿಯಲ್ಲಿ ಬೆಳಿಗ್ಗೆ ಲಾರಿ ಹೊರಡಿಸುವವನಿಗೆ ಈ ಅಂಕಿ ಪ್ರಾಣಪ್ರಶ್ನೆ. ಹೊಸದುರ್ಗದಲ್ಲಿ ಪುಷ್ಯಮಾಸದ ಬೆಳಗಿನಲ್ಲಿಯೂ ಉಷ್ಣತೆ ಸೊನ್ನೆಯ ಹತ್ತಿರಕ್ಕೂ ಇಳಿಯುವುದಿಲ್ಲ. ನಾವು ಆ ಗುಣಕ್ಕೆ ಹಣ ತೆತ್ತು ಅದನ್ನು ಉಪಯೋಗಿಸದೆ ಇಟ್ಟಂತಾಗುತ್ತದೆ.

ಎರಡನೆಯ ಗುಣ ಶಾಖಕ್ಕೆ ಬೇಗ ಕೆಡದಿರುವುದು. ಇದರಿಂದ ಆಯಿಲನ್ನು ಹೆಚ್ಚು ಕಾಲ ಬಳಸಬಹುದು. ಇದು ನಿಜವಾದ ಲಾಭ, ಆದರೆ ಹೆಚ್ಚು ಕಾಲ ಬಳಸಿದರೆ ಮಾತ್ರ. ನಮ್ಮಲ್ಲಿ ಓಡುವ 40ರಿಂದ 50 ಅಶ್ವಶಕ್ತಿಯ ಬಹುಪಾಲು ಟ್ರ್ಯಾಕ್ಟರುಗಳ ಕೈಪಿಡಿಯಲ್ಲಿ ಸುಮಾರು 250 ಗಂಟೆಗೊಮ್ಮೆ ಆಯಿಲ್ ಬದಲಿಸಲು ಹೇಳಿರುತ್ತಾರೆ. ಕೆಲವು ಹೊಸ ಮಾದರಿಗಳಲ್ಲಿ ಈ ಅವಧಿ ಇನ್ನೂ ಹೆಚ್ಚು. ಅವಧಿಯನ್ನು ನಿರ್ಧರಿಸುವುದು ಎಣ್ಣೆಯ ಆಯುಸ್ಸೊಂದೇ ಅಲ್ಲ. ಒಳಗೆ ಸೇರುವ ಧೂಳು, ಮಸಿ, ಸೋರಿದ ಡೀಸೆಲ್ ಇವೂ ಅದನ್ನು ನಿರ್ಧರಿಸುತ್ತವೆ. ಎಣ್ಣೆ ಯಾವುದಾದರೂ ಧೂಳು ಧೂಳೇ.

ಒಂದು ಲೆಕ್ಕ ಹಾಕೋಣ. ಇಂಜಿನ್ನಿಗೆ 7 ಲೀಟರ್ ಆಯಿಲ್ ಹಿಡಿಯುತ್ತದೆ, ಫಿಲ್ಟರಿಗೆ 300 ರೂಪಾಯಿ ಎಂದಿಟ್ಟುಕೊಳ್ಳಿ. ಮಾಮೂಲಿ ಆಯಿಲ್ ಲೀಟರಿಗೆ 350 ರೂಪಾಯಿ, ಸಿಂಥೆಟಿಕ್ 900 ರೂಪಾಯಿ ಎಂದು ಹಿಡಿಯೋಣ. ನಿಮ್ಮ ಊರಿನ ಬೆಲೆ ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಬಹುದು. ಮಾಮೂಲಿ ಆಯಿಲಿಗೆ ಒಂದು ಬದಲಾವಣೆಗೆ 2,750 ರೂಪಾಯಿ, ಸಿಂಥೆಟಿಕ್‌ಗೆ 6,600 ರೂಪಾಯಿ. 250 ಗಂಟೆಗೆ ಹಂಚಿದರೆ ಮೊದಲನೆಯದು ಗಂಟೆಗೆ 11 ರೂಪಾಯಿ, ಎರಡನೆಯದು 26 ರೂಪಾಯಿ 40 ಪೈಸೆ. ಎರಡೂ ಸಮವಾಗಬೇಕಾದರೆ ಸಿಂಥೆಟಿಕ್ ಆಯಿಲನ್ನು 600 ಗಂಟೆ ಓಡಿಸಬೇಕು. 250 ಗಂಟೆ ಎಂದು ಹೇಳಿದ ಕೈಪಿಡಿ ಅದನ್ನು ಒಪ್ಪುವುದಿಲ್ಲ.

ಡೀಸೆಲ್ ಉಳಿಯುವುದಿಲ್ಲವೆ ಎಂದು ಕೇಳಬಹುದು. ಎರಡೂ ಆಯಿಲುಗಳು ಒಂದೇ 15 ಡಬ್ಲ್ಯೂ-40 ಆಗಿದ್ದರೆ ಉಳಿತಾಯ ಅಲ್ಪ. ಶೇಕಡ 1 ಎಂದೇ ಹಿಡಿದರೂ, ಗಂಟೆಗೆ 5 ಲೀಟರ್ ಕುಡಿಯುವ ಟ್ರ್ಯಾಕ್ಟರಿನಲ್ಲಿ ಉಳಿಯುವುದು 50 ಮಿಲಿಲೀಟರ್. ಡೀಸೆಲಿಗೆ 90 ರೂಪಾಯಿಯಂತೆ ಅದು ನಾಲ್ಕೂವರೆ ರೂಪಾಯಿ. ಹೆಚ್ಚಿಗೆ ತೆತ್ತದ್ದು 15 ರೂಪಾಯಿ 40 ಪೈಸೆ. ತೆಳುವಾದ 5 ಡಬ್ಲ್ಯೂ-30 ಹಾಕಿದರೆ ಉಳಿತಾಯ ಇನ್ನಷ್ಟು ಇರಬಹುದು. ಆದರೆ ರೋಟವೇಟರ್ ಕಟ್ಟಿ ಏಪ್ರಿಲ್ ಬಿಸಿಲಿನಲ್ಲಿ ದುಡಿಯುವ ಹಳೆಯ ಇಂಜಿನ್ನಿನ ಬೇರಿಂಗುಗಳಿಗೆ ಆ ತೆಳುಪದರ ಸಾಲದು. ಕೈಪಿಡಿ ಹೇಳದ ಅಂಕಿಯ ಆಯಿಲನ್ನು ಉಳಿತಾಯದ ಆಸೆಗೆ ಹಾಕಬಾರದು.

ಇನ್ನೊಂದು ವಿಷಯ ನಮಗೆ ಅನುಕೂಲವಾಗಿಯೇ ಬದಲಾಗಿದೆ. 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಬಂಕುಗಳ ಡೀಸೆಲಿನಲ್ಲಿ ಗಂಧಕದ ಮಿತಿ ದಶಲಕ್ಷಕ್ಕೆ 10 ಭಾಗ. ಅದಕ್ಕೆ ಹಿಂದಿನ ದರ್ಜೆಯಲ್ಲಿ 50 ಭಾಗದವರೆಗೆ ಇರಬಹುದಿತ್ತು. ಗಂಧಕ ಉರಿದು ಹುಟ್ಟುವ ಹುಳಿ ಕಡಿಮೆಯಾದುದರಿಂದ ಮಾಮೂಲಿ ಆಯಿಲಿನ ಹೊರೆಯೂ ಇಳಿದಿದೆ.

ಎಲ್ಲಿ ಹಾಕಬಹುದು?

2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾಗಿದೆ. ಇವುಗಳಲ್ಲಿ ಕೆಲವಕ್ಕೆ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಆಯಿಲಿನ ಬೂದಿ ಆ ಜಾಲರಿಯನ್ನು ಕಟ್ಟಿಸುವುದರಿಂದ ಬೂದಿ ಕಡಿಮೆಯಿರುವ ಸಿ.ಕೆ.-4ರಂಥ ಆಯಿಲನ್ನು ತಯಾರಕರು ಸೂಚಿಸುತ್ತಾರೆ. ಅಲ್ಲಿ ಸೂಚಿಸಿದ್ದನ್ನೇ ಹಾಕಬೇಕು, ಬೆಲೆ ನೋಡುವಂತಿಲ್ಲ. ಇಂಥ ಆಯಿಲ್ ತಾಲ್ಲೂಕು ಕೇಂದ್ರದ ಎಲ್ಲ ಅಂಗಡಿಗಳಲ್ಲಿ ಸಿಗದೆ ಹೋಗಬಹುದು. ಆದುದರಿಂದ ಮೃಗಶಿರಾ ಮಳೆ ಹಿಡಿಯುವ ಮೊದಲೇ ಚಿತ್ರದುರ್ಗದಿಂದಲೋ ದಾವಣಗೆರೆಯಿಂದಲೋ ತರಿಸಿಟ್ಟುಕೊಳ್ಳುವುದು ಜಾಣತನ. ಸಿಗಲಿಲ್ಲವೆಂದು ಬೇರೆ ಯಾವುದನ್ನೋ ಸುರಿದು ಬಿತ್ತನೆಗೆ ಹೊರಡಬಾರದು.

ಹೊಳಲ್ಕೆರೆಯ ಅಡಿಕೆ ತೋಟ, ಹೊಸದುರ್ಗ ಹಿರಿಯೂರುಗಳ ತೆಂಗು ಮತ್ತು ದಾಳಿಂಬೆ ತೋಟಗಳಲ್ಲಿ ಕಳೆ ಕೊಚ್ಚುವ ಯಂತ್ರ, ಪವರ್ ಸ್ಪ್ರೇಯರುಗಳು ಸಾಕಷ್ಟಿವೆ. ಇವುಗಳಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸುವ ಟೂ ಸ್ಟ್ರೋಕ್ ಇಂಜಿನ್ನುಗಳಿಗೆ ಸಿಂಥೆಟಿಕ್ ಅಥವಾ ಸೆಮಿ ಸಿಂಥೆಟಿಕ್ ಟೂ-ಟಿ ಆಯಿಲ್ ಹಾಕಲು ನಮ್ಮ ಪೂರ್ಣ ಒಪ್ಪಿಗೆಯಿದೆ. 40ಕ್ಕೆ 1ರಂತೆ ಬೆರೆಸಿದರೆ ಒಂದು ಲೀಟರ್ ಪೆಟ್ರೋಲಿಗೆ ಬೇಕಾದದ್ದು 25 ಮಿಲಿಲೀಟರ್. ಆಯಿಲಿನ ಬೆಲೆ ಲೀಟರಿಗೆ 300 ರೂಪಾಯಿ ಹೆಚ್ಚಾದರೂ ಪೆಟ್ರೋಲಿನ ಲೀಟರಿಗೆ ಬೀಳುವ ಹೆಚ್ಚುವರಿ ಏಳೂವರೆ ರೂಪಾಯಿ. ಅದಕ್ಕೆ ಪ್ರತಿಯಾಗಿ ಹೊಗೆ ಕಡಿಮೆ. ಗಾಳಿಯಾಡದ ಅಡಿಕೆ ಸಾಲುಗಳ ನಡುವೆ ಬೆನ್ನಿಗೆ ಇಂಜಿನ್ ಕಟ್ಟಿಕೊಂಡು ದಿನವಿಡೀ ದುಡಿಯುವ ಆಳು ಆ ಹೊಗೆಯನ್ನು ಉಸಿರಾಡುತ್ತಾನೆಂಬುದನ್ನು ಮರೆಯಬಾರದು. ಫೋರ್ ಸ್ಟ್ರೋಕ್ ಯಂತ್ರವಾದರೆ ಪೆಟ್ರೋಲಿಗೆ ಆಯಿಲ್ ಬೆರೆಸುವಂತಿಲ್ಲ.

ಜೋಗಿಮಟ್ಟಿಯ ಕಡೆಯ ಗುಡ್ಡಗಳ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳನ್ನು ಎಲ್ಲರೂ ನೋಡಿದ್ದೀರಿ. ಅವುಗಳಲ್ಲಿ ಗೇರ್‌ಬಾಕ್ಸ್ ಇರುವಂಥವಕ್ಕೆ ಸಾಮಾನ್ಯವಾಗಿ ಸಿಂಥೆಟಿಕ್ ಗೇರ್ ಆಯಿಲನ್ನೇ ತುಂಬುತ್ತಾರೆ. ಅಷ್ಟು ಎತ್ತರಕ್ಕೆ ಏರಿ ಮತ್ತೆ ಮತ್ತೆ ಆಯಿಲ್ ಬದಲಿಸುವುದು ಕಷ್ಟದ, ಖರ್ಚಿನ ಕೆಲಸ. ಅಲ್ಲಿ ದೀರ್ಘಕಾಲ ಬಾಳುವ ಎಣ್ಣೆ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ. ಬೋರ್‌ವೆಲ್ ಲಾರಿಗಳ ಕಂಪ್ರೆಸರಿಗೂ ಅಂಥದೇ ಬೇರೆ ಆಯಿಲ್ ಇದೆ. ಕೊಳವೆ ಬಾವಿ ಕೊರೆದವರು ಉಳಿದ ಕಂಪ್ರೆಸರ್ ಆಯಿಲನ್ನು ಸಿಂಥೆಟಿಕ್ ಎಂದು ಹೇಳಿ ಕೊಟ್ಟರೆ ಟ್ರ್ಯಾಕ್ಟರ್ ಇಂಜಿನ್ನಿಗೆ ಸುರಿಯಬೇಡಿ. ಇಂಜಿನ್ನಿನ ಮಸಿಯನ್ನು ತೇಲಿಸುವಂತೆ ಅದನ್ನು ತಯಾರಿಸಿರುವುದಿಲ್ಲ. ಹಾಗೆಯೇ ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿರುವ ಟ್ರ್ಯಾಕ್ಟರಿನ ಹಿಂಭಾಗದ ಗೇರ್‌ಬಾಕ್ಸಿಗೆ ಅದರದೇ ಆಯಿಲ್ ಇದೆ. ಇಂಜಿನ್ ಆಯಿಲ್ ಎಷ್ಟೇ ದುಬಾರಿಯದಾದರೂ ಅಲ್ಲಿ ಸಲ್ಲದು.

ಹಣ ಹಾಕಬೇಕಾದ ಜಾಗ

ನಮ್ಮ ಜಿಲ್ಲೆಯಲ್ಲಿ ಇಂಜಿನ್ನಿನ ದೊಡ್ಡ ಶತ್ರು ಧೂಳು. ಮಳೆ ಕಡಿಮೆ, ಗಾಳಿ ಹೆಚ್ಚು, ಬೇಸಿಗೆಯಲ್ಲಿ ಒಣ ಹೊಲಕ್ಕೆ ರೋಟವೇಟರ್ ಹೊಡೆಯುವ ರೂಢಿ ಬೇರೆ. ಸಣ್ಣ ಮರಳಿನ ಕಣ ಗಾಳಿಯೊಡನೆ ಒಳಹೊಕ್ಕರೆ ಪಿಸ್ಟನ್ ರಿಂಗು, ಲೈನರುಗಳನ್ನು ಉಪ್ಪುಕಾಗದದಂತೆ ತೇಯುತ್ತದೆ. ಆಯಿಲ್ ಕುಡಿಯುವ ಟ್ರ್ಯಾಕ್ಟರ್ ಎಂದು ನಾವು ಬೈಯುವ ಇಂಜಿನ್ನುಗಳಲ್ಲಿ ಹಲವಕ್ಕೆ ಮೂಲ ರೋಗ ಇದೇ. ಸಿಂಥೆಟಿಕ್ ಆಯಿಲ್ ಈ ರೋಗಕ್ಕೆ ಮದ್ದಲ್ಲ.

ಗಾಳಿ ಸೋಸುವ ಏರ್ ಕ್ಲೀನರ್ ಎಣ್ಣೆ ಬಟ್ಟಲಿನದಾದರೆ ದಿನವೂ ಬಟ್ಟಲು ಬಿಚ್ಚಿ ನೋಡಬೇಕು. ತಳದಲ್ಲಿ ಕೆಸರು ಕೂತಿದ್ದರೆ ಚೆಲ್ಲಿ, ಬಟ್ಟಲು ತೊಳೆದು, ಗುರುತಿನ ಮಟ್ಟಕ್ಕೆ ಹೊಸ ಇಂಜಿನ್ ಆಯಿಲ್ ಹಾಕಬೇಕು. ಗುರುತು ಮೀರಿ ಹಾಕಿದರೆ ಇಂಜಿನ್ ಅದನ್ನು ಎಳೆದುಕೊಳ್ಳುತ್ತದೆ. ಹಳೆಯ ಆಯಿಲನ್ನು ಬಟ್ಟಲಿಗೆ ಹಾಕುವ ಉಳಿತಾಯ ಬೇಡ. ಕಾಗದದ ಫಿಲ್ಟರಾದರೆ ಒಳಗಿನಿಂದ ಹೊರಕ್ಕೆ ಹದವಾದ ಗಾಳಿಯಲ್ಲಿ ಊದಬೇಕು. ನೆಲಕ್ಕೆ ಬಡಿದು ಕೊಡವಿದರೆ ಮಡಿಕೆಗಳು ಹರಿಯುತ್ತವೆ. ಕ್ಲೀನರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯ ಕ್ಲಿಪ್ಪುಗಳನ್ನು ಕೈಯಿಂದ ಅಲುಗಿಸಿ ನೋಡಿ. ಅಲ್ಲಿ ಸಡಿಲವಾದರೆ ಫಿಲ್ಟರನ್ನು ಬಳಸಿಕೊಂಡು ಧೂಳು ನೇರವಾಗಿ ಒಳಹೋಗುತ್ತದೆ. ಮೇಲಿನ ಲೆಕ್ಕದಂತೆ ವರ್ಷಕ್ಕೆ 500 ಗಂಟೆ ಓಡಿಸುವ ರೈತ ಸಿಂಥೆಟಿಕ್ ಬಿಟ್ಟರೆ 7,700 ರೂಪಾಯಿ ಉಳಿಯುತ್ತದೆ. ಅದರಲ್ಲಿ ಒಂದು ಪಾಲು ಹೊಸ ಏರ್ ಫಿಲ್ಟರಿಗೂ ಈ ಕ್ಲಿಪ್ಪುಗಳಿಗೂ ಹೋದರೆ ಇಂಜಿನ್ನಿಗೆ ಹೆಚ್ಚು ಹಿತ.

ಓಡುತ್ತಿರುವ ಆಯಿಲಿನ ಸ್ಥಿತಿ ತಿಳಿಯಲು ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಗೇಜು ಕಡ್ಡಿಯಿಂದ ಒಂದು ತೊಟ್ಟನ್ನು ಹೀರುವ ಕಾಗದದ ಮೇಲೆ ಬಿಟ್ಟು ಕೆಲವು ಗಂಟೆ ಇಡಿ. ಮಸಿ ಮೆಲ್ಲಗೆ ಸುತ್ತಲೂ ಹರಡಿದ್ದರೆ ಆಯಿಲಿನ ತೇಲಿಸುವ ಶಕ್ತಿ ಇನ್ನೂ ಇದೆ. ನಡುವೆ ಕಪ್ಪು ಗಟ್ಟಿ ಚುಕ್ಕೆ ನಿಂತು ಅದರ ಸುತ್ತ ಬರಿ ಎಣ್ಣೆಯ ಉಂಗುರವಾದರೆ ಬದಲಿಸುವ ಕಾಲ ಬಂದಿದೆ. ಇನ್ನೊಂದು ತೊಟ್ಟನ್ನು ಕಾದ ತಗಡಿನ ಮೇಲೆ ಬಿಡಿ. ಚಟಪಟ ಎಂದರೆ ನೀರು ಸೇರಿದೆ, ಕೂಡಲೇ ಮೇಸ್ತ್ರಿಗೆ ತೋರಿಸಬೇಕು. ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದರೆ ಡೀಸೆಲ್ ಸೋರಿ ಬೆರೆತಿರಬಹುದು.

ಹೊಲದಲ್ಲಿ ಆಯಿಲ್ ಕಡಿಮೆಯಾಗಿ, ಕೈಯಲ್ಲಿ ಸಿಂಥೆಟಿಕ್ ಡಬ್ಬಿಯೊಂದೇ ಇದ್ದರೆ ಏನು ಮಾಡಬೇಕು? ಅಂಕಿ ಮತ್ತು ದರ್ಜೆ ಹೊಂದಿಕೆಯಾದರೆ ಮಾಮೂಲಿ ಆಯಿಲಿನ ಜೊತೆ ಬೆರೆಸಿ ಕೆಲಸ ಮುಗಿಸಬಹುದು, ಹಾನಿಯಿಲ್ಲ. ಆಯಿಲಿಲ್ಲದೆ ಓಡಿಸುವುದೇ ನಿಜವಾದ ಹಾನಿ.

ಕೊಂಡಿಟ್ಟ ಬಕೆಟನ್ನು ಬಿಸಿಲು, ಮಳೆಗಳಿಂದ ದೂರವಿಡಬೇಕು. ಬ್ಯಾರೆಲ್ಲನ್ನು ಹೊರಗೆ ನೇರ ನಿಲ್ಲಿಸಿದರೆ ಹಗಲು ಹಿಗ್ಗಿ ರಾತ್ರಿ ಕುಗ್ಗಿ, ಮೇಲೆ ನಿಂತ ನೀರನ್ನು ಮುಚ್ಚಳದ ಸಂದಿನಿಂದ ಒಳಗೆಳೆದುಕೊಳ್ಳುತ್ತದೆ. ಅಡ್ಡ ಮಲಗಿಸಿ, ಎರಡೂ ಮುಚ್ಚಳಗಳು ಒಂದೇ ಮಟ್ಟದಲ್ಲಿರುವಂತೆ ಇಡಿ. ಬದಲಿಸಿ ತೆಗೆದ ಹಳೆಯ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಬಾವಿಯ ಬಳಿ, ಕಾಲುವೆಗೆ ಚೆಲ್ಲಬಾರದು. ಗೆದ್ದಲಿಗೆಂದು ತೆಂಗಿನ ಬುಡಕ್ಕೆ ಹೊಯ್ಯುವುದೂ ತಪ್ಪು. ಮುಚ್ಚಳವಿರುವ ಡಬ್ಬದಲ್ಲಿ ಕೂಡಿಟ್ಟು, ಅಧಿಕೃತವಾಗಿ ಸಂಗ್ರಹಿಸುವವರಿಗೆ ಕೊಡುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು. ಖಾಲಿಯಾದ ಕಂಪನಿ ಡಬ್ಬಿಯನ್ನು ಗುಜರಿಗೆ ಹಾಕುವ ಮೊದಲು ತಳಕ್ಕೆ ಒಂದು ಮೊಳೆ ಹೊಡೆದು ತೂತು ಮಾಡಿ, ಮುಚ್ಚಳವನ್ನು ಕತ್ತರಿಸಿಬಿಡಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾಗಿರುವುದು ಆ ಅಸಲಿ ಡಬ್ಬಿಯೇ.